ಅವರೆಕಾಯಿ ಸಿಪ್ಪೆಯ ಕೆಳಗಿದ್ದ ಪ್ರಕಟಣೆ

ಡಿಸೆಂಬರ್ ಕೊನೆಯ ವಾರ. ಎರಡು ಕೆಜಿ ಅವರೆಕಾಯಿ ತಂದು, ನಡುಮನೆಯಲ್ಲಿ ಹಳೇ ಪೇಪರ್ ಹರಡಿ ಬಿಡಿಸುತ್ತಾ ಕೂತಿದ್ದೆ. ಒಳ್ಳೆ ಸೊಗಡಿನ ಕಾಯಿ, ಬೆರಳೆಲ್ಲ ಅಂಟಂಟು. ಸಿಪ್ಪೆ ಗುಡ್ಡೆ ಮಾಡೋಣ ಅಂತ ಪಕ್ಕಕ್ಕೆ ಸರಿಸಿದಾಗ ಕೆಳಗೊಂದು ಪುಟ್ಟ ಪ್ರಕಟಣೆ ಕಂಡಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರ ಒಂದು ಕಡೆ ಯಾರೋ ಹೆಸರು ಬದಲಾಯಿಸಿಕೊಂಡ ಅಫಿಡವಿಟ್ಟು, ಇನ್ನೊಂದು ಕಡೆ ಯಾರದೋ ಕಳೆದುಹೋದ ಅಂಕಪಟ್ಟಿ.

ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವಳು ನಾನು. ಸಣ್ಣ ಅಕ್ಷರ ಕಂಡರೆ ಓದದೆ ಬಿಡುವ ಅಭ್ಯಾಸ ಇಲ್ಲ. ಓದಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 14(ಎ) ಪ್ರಕಾರ, ಇಂಥ ಸರ್ವೆ ನಂಬರಿನ 12 ಗುಂಟೆ ಜಮೀನನ್ನು ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ ಬದಲಾಯಿಸಿಕೊಡಿ ಅಂತ ಅರ್ಜಿ ಬಂದಿದೆಯಂತೆ. ಯಾರದಾದರೂ ಆಕ್ಷೇಪಣೆ ಇದ್ದರೆ 15 ದಿನದೊಳಗೆ ಬರೆದು ಕೊಡಬೇಕಂತೆ. ಆಮೇಲೆ ಬಂದದ್ದನ್ನು ಪರಿಗಣಿಸುವುದಿಲ್ಲವಂತೆ.

ಸರ್ವೆ ನಂಬರನ್ನು ಎಲ್ಲೋ ನೋಡಿದ ಹಾಗಿತ್ತು. ಕೈ ತೊಳೆದುಕೊಂಡು ಬೀರು ತೆಗೆದೆ. ನಮ್ಮ ಮನೆಯ ಕ್ರಯಪತ್ರ ಹಾಸಿಕೊಂಡು ಷೆಡ್ಯೂಲ್ ನೋಡಿದರೆ ಅದೇ ಸರ್ವೆ ನಂಬರು. ಚೆಕ್ಕುಬಂದಿಯಲ್ಲಿ 'ಪಶ್ಚಿಮಕ್ಕೆ: ಮಾಲೀಕರ ಉಳಿಕೆ ಜಮೀನು' ಅಂತಿತ್ತು. ಅಂದರೆ ನಮ್ಮ ಬೀದಿ ಕೊನೆಯ ತೆಂಗಿನ ತೋಟ! ಪೇಪರಿನ ತಾರೀಖು ನೋಡಿದೆ. ಆರು ದಿನ ಹಳೆಯದು. ಉಳಿದದ್ದು ಒಂಬತ್ತು ದಿನ.

ಅವರೆಕಾಯಿ ಹಾಗೇ ಬಿತ್ತು. ರಾತ್ರಿ ಉಪ್ಪಿಟ್ಟು ಮಾಡಿದೆ, ಅವರೆಕಾಳಿಲ್ಲದ ಉಪ್ಪಿಟ್ಟು.

ನಮ್ಮೂರು ಹಳೇ ಮೈಸೂರು ಕಡೆಯ ಒಂದು ಜಿಲ್ಲಾ ಕೇಂದ್ರ. ನಮ್ಮ ಬಡಾವಣೆ ಆಗಿ ಇಪ್ಪತ್ತೆರಡು ವರ್ಷ. ಇಡೀ ಜಾಗ ಮೊದಲು ಒಂದೇ ಕುಟುಂಬದ ತೋಟ. ಅವರನ್ನು ನಾವೆಲ್ಲ ತೋಟದ ಮನೆಯವರು ಅಂತಲೇ ಕರೆಯುತ್ತೇವೆ. ಸೈಟು ಮಾಡಿ ಮಾರಿ, ಮೂಲೆಯ 12 ಗುಂಟೆ ತಮಗೆ ಉಳಿಸಿಕೊಂಡಿದ್ದರು. ಇಪ್ಪತ್ತು ಚಿಲ್ಲರೆ ತೆಂಗಿನ ಮರ, ಒಂದು ಹಳೇ ಪಂಪ್‌ಹೌಸು. ಈಗ ಅಲ್ಲಿ ಕಲ್ಯಾಣ ಮಂಟಪ ಕಟ್ಟಬೇಕು ಅಂತ ಆ ಮನೆಯ ಮಗನ ಆಸೆ.

ಮಾರನೇ ದಿನ ಬೀದಿಯಲ್ಲಿ ಒಂದು ಸುತ್ತು ಬಂದೆ. ಪ್ರಕಟಣೆ ನೋಡಿದವರು ಒಬ್ಬರೂ ಇಲ್ಲ. ಸಂಗತಿ ಹೇಳಿದಾಗ ಎಲ್ಲರೂ ನನ್ನ ಹಾಗೆ ಗಾಬರಿ ಆಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಮೂರನೇ ಮನೆಯ ಹುಡುಗ, ಸಾಫ್ಟ್‌ವೇರ್‌ನವನು, "ಬರಲಿ ಬಿಡಿ ಆಂಟಿ, ಸೈಟ್ ರೇಟು ಜಾಸ್ತಿ ಆಗುತ್ತೆ" ಅಂದ. ಹೂ ಕಟ್ಟಿ ಮಾರುವ ನಮ್ಮ ಬೀದಿಯಾಕೆ, "ಮಂಟಪ ಬಂದ್ರೆ ನಂಗೂ ನಾಕು ಕಾಸು ಆಗುತ್ತಲ್ಲ ಅಕ್ಕಾ" ಅಂದಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮಗಳ ಮದುವೆ ಮಾಡಿದ್ದು ಮನೆಗಳ ನಡುವೆ ಇರುವ ಒಂದು ಛತ್ರದಲ್ಲೇ. ಬೆಳಗಿನ ಜಾವ ಐದಕ್ಕೆ ನಮ್ಮ ವಾಲಗದವರು ಊದಿದಾಗ ಅಕ್ಕಪಕ್ಕದ ಮನೆಯವರಿಗೆ ಏನನ್ನಿಸಿತ್ತೋ, ಆಗ ನನಗೆ ಹೊಳೆದೇ ಇರಲಿಲ್ಲ.

ಆದರೂ ನಮ್ಮ ರಸ್ತೆ ಛತ್ರದ ಓಡಾಟ ತಡೆದುಕೊಳ್ಳುವ ರಸ್ತೆ ಅಲ್ಲ. ಕಸದ ಗಾಡಿ ಬಂದರೆ ಎದುರಿನ ಆಟೋ ರಿವರ್ಸ್ ಹೋಗಬೇಕು. ಅಲ್ಲಿ ಎರಡು ಬಸ್ಸು ದಿಬ್ಬಣ ಬಂದರೆ?

ಎದುರು ಮನೆಯವರು ರಿಟೈರ್ಡ್ ಲೈನ್‌ಮನ್. ಬೀದಿಗೆಲ್ಲ ಕೆಇಬಿ ಮಾವ. ಅವರು ಮಾತ್ರ, "ನಡೀರಿ, ಫೈಲ್ ನೋಡೋಣ. ಫೈಲ್ ನೋಡ್ದೆ ಏನು ಬರೀತೀರಿ?" ಅಂದರು. ಬಸ್ಸು ಹತ್ತಿ, ಇಂಥ ಅರ್ಜಿ ನೋಡುವ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋದೆವು.

ಕಚೇರಿಯಲ್ಲಿ ಮೊದಲ ಮೇಜಿನವರು ನಮ್ಮನ್ನು ಎರಡನೇ ಮೇಜಿಗೆ ಕಳಿಸಿದರು. ಎರಡನೆಯವರು, "ಇದು ಡಿಸಿ ಆಫೀಸಿನದಲ್ವಾ?" ಅಂದರು. ಅಲ್ಲ. ಈ ಗೊಂದಲ ಜನರಿಗಷ್ಟೇ ಅಲ್ಲ, ಕೆಲವೊಮ್ಮೆ ಕಚೇರಿಯವರಿಗೂ ಇರುತ್ತದೆ. ಹೊಲವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸುವುದಕ್ಕೆ ಜಿಲ್ಲಾಧಿಕಾರಿ ಕೊಡುವುದು ಭೂ ಪರಿವರ್ತನೆ. ಜನ ಅದನ್ನು ಅಲಿನೇಷನ್ ಅನ್ನುತ್ತಾರೆ. ಅದು 1964ರ ಭೂ ಕಂದಾಯ ಕಾಯ್ದೆಯ ಕಲಂ 95ರದ್ದು. ಇದು ಬೇರೆ. ಊರಿಗೆ ಒಂದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಇರುತ್ತದೆ. ಅದರ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಪಾರ್ಕಿಗೆ ಹಸಿರು ಬಣ್ಣ. ನಮ್ಮ ಬೀದಿ ಕೊನೆಯ ಆ ಹಳದಿ ಚೂರನ್ನು ನೀಲಿ ಮಾಡಿಕೊಡಿ ಅನ್ನುವುದೇ ಈ ಅರ್ಜಿ. ಒಂದು ಸಲ ನೀಲಿ ಆದರೆ ಆ ಜಾಗ ನೀಲಿಯೇ. ಇವತ್ತು ಮಂಟಪ ಅಂದವರು ನಾಳೆ ಮನಸ್ಸು ಬದಲಾಯಿಸಿ ಅಲ್ಲಿ ಬಾರ್ ಮಾಡ್ತೀನಿ ಅಂದರೂ ಬಣ್ಣ ಅಡ್ಡ ಬರುವುದಿಲ್ಲ. ಇದು ನನಗೆ ಗೊತ್ತಾಗಿದ್ದೇ ಅವತ್ತು.

ಮೂರನೇ ಮೇಜಿನವರು ಕಡತ ತಮ್ಮಲ್ಲೇ ಇದೆ ಅಂತ ಒಪ್ಪಿಕೊಂಡರು. ಆದರೆ ತೋರಿಸುವುದಿಲ್ಲ, ಆರ್‌ಟಿಐ ಹಾಕಿ ಅಂದರು. ಕೆಇಬಿ ಮಾವನಿಗೆ ಸಿಟ್ಟು ಬಂತು. ನನಗೆ ನಗು ಬಂತು. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬಹುದು. ನಮ್ಮ ಆಕ್ಷೇಪಣೆಗೆ ಇದ್ದದ್ದು ಎಂಟೇ ದಿನ. ಕಡತ ಕೈಗೆ ಬರುವ ಹೊತ್ತಿಗೆ ಬಾಗಿಲು ಹಾಕಿ ಮೂರು ವಾರ ಆಗಿರುತ್ತದೆ. ಕಾನೂನು ಮಾಡಿದವರು ಈ ಎರಡು ಲೆಕ್ಕವನ್ನು ಒಂದೇ ಕ್ಯಾಲೆಂಡರಿನಲ್ಲಿ ಇಟ್ಟು ನೋಡಲಿಲ್ಲ ಅಂತ ಕಾಣುತ್ತದೆ.

ಆದರೂ ಅಲ್ಲೇ ಕೂತು ಬರೆದು ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ನನ್ನ ಪರ್ಸಿನಲ್ಲಿ ಯಾವಾಗಲೂ ಇರುತ್ತದೆ, ಹಳೇ ಚಟ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು. ನಾನು ಬರೆದದ್ದು ಮೂವತ್ತೋ ನಲವತ್ತೋ ಪದ.

ಪೋಸ್ಟಲ್ ಆರ್ಡರ್ ನೋಡಿ ಆ ಗುಮಾಸ್ತರ ಮುಖ ಸಡಿಲವಾಯಿತು. "ನಮ್ಮ ತಂದೆನೂ ಪೋಸ್ಟ್‌ಮ್ಯಾನ್ ಮೇಡಮ್" ಅಂದರು. ಆಚೀಚೆ ನೋಡಿ ಕಡತ ಬಿಚ್ಚಿ ಮೇಜಿನ ಮೇಲಿಟ್ಟರು. "ಹತ್ತು ನಿಮಿಷ. ಫೋಟೋ ಬೇಡ." ನಿಯಮದಿಂದ ಸಿಗದ್ದು ಅಪ್ಪನ ಸೈಕಲ್ಲಿನಿಂದ ಸಿಕ್ಕಿತು. ಸಂತೋಷವೂ ಆಯಿತು, ಬೇಜಾರೂ ಆಯಿತು. ಅವರ ತಂದೆ ಪೋಸ್ಟ್‌ಮ್ಯಾನ್ ಆಗಿರದಿದ್ದರೆ?

ನಿಂತುಕೊಂಡೇ ಓದಿದೆವು. ಅರ್ಜಿ, ಪಹಣಿ, ಸ್ಕೆಚ್ಚು, ಆರ್ಕಿಟೆಕ್ಟ್ ಮಾಡಿದ ಬಣ್ಣದ ಚಿತ್ರ. ಚಿತ್ರದಲ್ಲಿ ಮಂಟಪದ ಮುಂದೆ ಎರಡೇ ಎರಡು ಕಾರು, ಒಂದು ಗಿಡ, ಕೈಹಿಡಿದು ನಡೆಯುವ ಗಂಡ ಹೆಂಡತಿ. ಯಾವ ಮದುವೆಗೆ ಎರಡು ಕಾರು ಬರುತ್ತವೆ ಹೇಳಿ? ಅದರ ಕೆಳಗೆ ಸ್ಥಳ ಪರಿಶೀಲನಾ ವರದಿ, ಒಂದೂವರೆ ಪುಟ. ಅದರಲ್ಲಿ ಒಂದು ಸಾಲು: 'ಸದರಿ ಜಮೀನು ಉತ್ತರ ದಿಕ್ಕಿನಲ್ಲಿ 12.00 ಮೀ. ಅಗಲದ ರಸ್ತೆಗೆ ಹೊಂದಿಕೊಂಡಿರುತ್ತದೆ.'

ಕೆಇಬಿ ಮಾವ ನನ್ನ ಕಡೆ ನೋಡಿದರು. ಆ ಬೀದಿಯಲ್ಲಿ ಕಂಬ ನೆಟ್ಟು ತಂತಿ ಎಳೆದವರು ಅವರು. "ಹನ್ನೆರಡಾ? ಯಾವ ಬೀದೀಲಿ?" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ವಲಯ ನಿಯಮಾವಳಿಯ ವಿಷಯ ಹೇಳಿದರು. ಯಾವ ಕಟ್ಟಡಕ್ಕೆ ಎಷ್ಟು ಜಾಗ ಬೇಕು, ಮುಂದಿನ ರಸ್ತೆ ಎಷ್ಟು ಅಗಲ ಇರಬೇಕು ಅಂತ ಮಹಾಯೋಜನೆಯ ಜೊತೆಗೇ ಒಂದು ಪಟ್ಟಿ ಇರುತ್ತದೆ. ಊರಿಂದ ಊರಿಗೆ ಅಂಕಿ ಬೇರೆ. ನಮ್ಮೂರಿನ ಪಟ್ಟಿ ಪ್ರಕಾರ 30 ಅಡಿ, ಅಂದರೆ ಒಂಬತ್ತು ಮೀಟರ್ ಚಿಲ್ಲರೆ ಅಗಲದ ರಸ್ತೆಯಲ್ಲಿ ಕಲ್ಯಾಣ ಮಂಟಪ ಆಗುವುದಿಲ್ಲ. ಹಾಗಾದರೆ ಎಲ್ಲವೂ ಆ 12.00 ಅನ್ನುವ ಅಂಕಿಯ ಮೇಲೆ ನಿಂತಿತ್ತು.

ಮಾರನೇ ದಿನ ಬೆಳಿಗ್ಗೆ ಆರು ಗಂಟೆ. ಮಂಜು. ಮಾವ ಹಳೇ ಬಟ್ಟೆಯ ಟೇಪು ತಂದರು, ಮೂವತ್ತು ಮೀಟರಿನದು, ಚರ್ಮದ ಡಬ್ಬಿಯಲ್ಲಿ ಸುತ್ತಿದ್ದು. ನಾನು ಒಂದು ತುದಿಯನ್ನು ನಮ್ಮ ಕಾಂಪೌಂಡ್ ಗೋಡೆಗೆ ಒತ್ತಿ ಹಿಡಿದೆ. ಅವರು ಎದುರು ಗೋಡೆಗೆ ಹೋದರು. 9 ಮೀಟರ್ 10 ಸೆಂಟಿಮೀಟರ್. ಚರಂಡಿ ಬಿಟ್ಟರೆ ಡಾಂಬರು ಏಳು ಮೀಟರ್ ಚಿಲ್ಲರೆ. ಹಾಲಿನ ಹುಡುಗ ಬೈಕ್ ನಿಲ್ಲಿಸಿ ಮೊಬೈಲಿನ ಬೆಳಕು ಬಿಟ್ಟ. ಹೀಗೆ ಐದು ಕಡೆ ಅಳೆದೆವು. ಎಲ್ಲಾ ಕಡೆ ಒಂಬತ್ತರ ಆಸುಪಾಸು.

ಆರನೇ ಅಳತೆ ತೋಟದ ಗೇಟಿನ ಹತ್ತಿರ. ಅಲ್ಲಿ ಅಡ್ಡರಸ್ತೆ ಬಂದು ಸೇರುತ್ತದೆ, ತಿರುವಿನಲ್ಲಿ ರಸ್ತೆ ಗಂಟೆಯ ಬಾಯಿಯ ಹಾಗೆ ಅಗಲವಾಗುತ್ತದೆ. ಟೇಪು ಹಿಡಿದರೆ 11 ಮೀಟರ್ 80. ಮಾವ ಟೇಪು ಕೆಳಗಿಳಿಸಿದರು. ವರದಿ ಬರೆದವರು ಸುಳ್ಳು ಬರೆದಿರಲಿಲ್ಲ. ಜೀಪಿನಿಂದ ಇಳಿದ ಜಾಗದಲ್ಲೇ ಅಳೆದು ಹೋಗಿದ್ದರು. ಇದ್ದದ್ದು 11.80, ಬರೆಯುವಾಗ 12.00 ಆಗಿದೆ. ನಿನ್ನೆ ರಾತ್ರಿಯೆಲ್ಲ ಇದರಲ್ಲಿ ಯಾರೋ ಕೈ ಬೆಚ್ಚಗೆ ಮಾಡಿದ್ದಾರೆ ಅಂತ ನಾನು ಖಚಿತವಾಗಿ ನಂಬಿದ್ದೆ. ಆ ಬೆಳಿಗ್ಗೆ ಅಷ್ಟು ಖಚಿತ ಉಳಿಯಲಿಲ್ಲ.

ಆಕ್ಷೇಪಣೆ ಬರೆಯುವುದು ಸುಲಭ ಅಂದುಕೊಂಡಿದ್ದೆ. ಮೊದಲ ಸಲ ಬರೆದದ್ದು ಮೂರೂವರೆ ಪುಟ. ಶಬ್ದ, ಕಸ, ಎಂಜಲೆಲೆ, ಜನರೇಟರ್ ಹೊಗೆ, ಕುಡಿದು ಬರುವವರು, ಮಕ್ಕಳ ಪರೀಕ್ಷೆ, ಕೊನೆಗೆ ಹಣಬಲದ ಬಗ್ಗೆ ಒಂದು ಪ್ಯಾರಾ. ಹಿಂದಿನ ಬೀದಿಯಲ್ಲಿ ವಕೀಲರ ಹತ್ತಿರ ಗುಮಾಸ್ತರಾಗಿದ್ದವರೊಬ್ಬರು ಇದ್ದಾರೆ, ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ಆಮೇಲೆ ಕೆಂಪು ರೀಫಿಲ್ ತಗೊಂಡು ಆ ಕೊನೆಯ ಪ್ಯಾರಾದ ಮೇಲೆ ಅಡ್ಡಗೆರೆ ಎಳೆದರು.

"ಗೊತ್ತಿಲ್ಲದ್ದು ಬರೀಬೇಡಿ ಮೇಡಮ್. ಅಳತೆ ಮಾಡಿದ್ದೀರಲ್ಲ, ಅದನ್ನ ಮೊದಲು ಬರೀರಿ. ಶಬ್ದ ಗಿಬ್ದ ಆಮೇಲೆ."

ಅವರು ಇನ್ನೊಂದು ವಿಷಯ ಹೇಳಿದರು. ಬೀದಿಯವರೆಲ್ಲ ಒಂದೇ ಹಾಳೆಯಲ್ಲಿ ಸಹಿ ಹಾಕಿದರೆ ಕಡತದಲ್ಲಿ ಅದು ಒಂದೇ ಆಕ್ಷೇಪಣೆ ಅಂತ ಕೂತುಬಿಡುತ್ತದೆ, ಮನೆಗೊಂದು ಬೇರೆ ಬೇರೆ ಕೊಡಿ ಅಂತ. ನನಗೆ ಹಿಡಿಸಿದ್ದು ಅವರು ಹೇಳಿದ ಹಳೇ ಕೇಸು. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು 1976ರಲ್ಲಿ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಡಲಾಗಿತ್ತು. ಬಡಾವಣೆಯ ಜನ ಕೋರ್ಟಿಗೆ ಹೋದರು. ನಿಮಗೇನು ಸಂಬಂಧ ಅನ್ನುವ ವಾದವೂ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಜನರ ಪರ ತೀರ್ಪು ಕೊಟ್ಟಿತು. ಅಲ್ಲಿ ವಾಸ ಮಾಡುವವರಿಗೆ ಕೇಳುವ ಹಕ್ಕಿದೆ, ಪಾರ್ಕಿನ ಜಾಗ ಹಾಗೆ ಕೊಡಲಾಗದು ಅಂತ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಕೇಸು ಅಂದರೆ ವಕೀಲರಿಗೆಲ್ಲ ಗೊತ್ತಂತೆ. "ಹದಿನೈದು ವರ್ಷ ಕಾದ್ರು ಮೇಡಮ್, ನೀವು ಒಂದು ಹಾಳೆಗೆ ಸುಸ್ತಾದ್ರಾ?" ಅಂದರು.

ಒಂದೇ ಪುಟಕ್ಕೆ ಇಳಿಸಿದೆ. ನಾಲ್ಕು ಅಂಶ. ಮೊದಲನೆಯದು ರಸ್ತೆ, ಆರು ಅಳತೆಗಳ ಸಮೇತ, ಅಗಲ ಜಾಸ್ತಿ ಬಂದ ಆ ತಿರುವಿನ ಅಳತೆಯನ್ನೂ ಸೇರಿಸಿ. ಅದನ್ನು ಬಿಟ್ಟುಬಿಡಿ ಅಂತ ಒಬ್ಬರು ಹೇಳಿದರು. ನಾನು ಬಿಡಲಿಲ್ಲ. ಅವರು ಅಳೆದಾಗ ಅದು ಹೇಗಿದ್ದರೂ ಸಿಗುತ್ತದೆ, ಆಗ ನಮ್ಮ ಉಳಿದ ಐದನ್ನೂ ಯಾರೂ ನಂಬುವುದಿಲ್ಲ. ಎರಡನೆಯದು ಪಾರ್ಕಿಂಗು, ಮೂರನೆಯದು ಒಳಚರಂಡಿ, ನಾಲ್ಕನೆಯದು ಶಬ್ದ. ಬೀದಿಯಲ್ಲಿ ಮೂವತ್ತನಾಲ್ಕು ಮನೆ. ಬರೆದುಕೊಟ್ಟವರು ಹನ್ನೊಂದು. ಸಾಫ್ಟ್‌ವೇರ್ ಹುಡುಗ ಕೊಡಲಿಲ್ಲ, ಆದರೆ ಹನ್ನೊಂದನ್ನೂ ತನ್ನ ಪ್ರಿಂಟರಿನಲ್ಲಿ ಮುದ್ರಿಸಿಕೊಟ್ಟ. ಹೂವಿನಾಕೆಯನ್ನು ನಾನು ಕೇಳಲೇ ಇಲ್ಲ.

ಹದಿಮೂರನೇ ದಿನ ಟಪಾಲು ಶಾಖೆಗೆ ಹೋದೆ. ಅಲ್ಲಿದ್ದ ಹುಡುಗಿ ಹನ್ನೊಂದನ್ನೂ ತಗೊಂಡು ಟ್ರೇಗೆ ಹಾಕಿ, "ಆಯ್ತು ಹೋಗಿ" ಅಂದಳು. ನಾನು ಕದಲಲಿಲ್ಲ. ನನ್ನ ಕಡೆಯ ಹನ್ನೊಂದು ಪ್ರತಿ ಮುಂದಿಟ್ಟೆ.

"ಸೀಲ್ ಹಾಕಿ, ತಾರೀಖು ಬರೆದು, ಸಹಿ ಮಾಡಿಕೊಡಮ್ಮ."

"ಎಲ್ಲಾದಕ್ಕೂನಾ?"

"ಎಲ್ಲದಕ್ಕೂ."

ಮುದ್ರೆ ಎಷ್ಟು ದೊಡ್ಡ ವಸ್ತು ಅಂತ ಅಂಚೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾರೀಖಿನ ಮುದ್ರೆ ಇಲ್ಲದ ಕಾಗದ ಬಂದೇ ಇಲ್ಲ ಅಂದರೂ ಆಯಿತು. ಮೊದಲ ಮುದ್ರೆಯಲ್ಲಿ ತಾರೀಖಿನ ಚಕ್ರ ತಿರುಗಿಸಿರಲಿಲ್ಲ, ಹಿಂದಿನ ದಿನದ್ದೇ ಬಿದ್ದಿತ್ತು. ಅದನ್ನೂ ತೋರಿಸಿದೆ. ಆ ಹುಡುಗಿ ಚಕ್ರ ತಿರುಗಿಸಿ, ಪ್ಯಾಡಿಗೆ ಕುಟ್ಟಿ, ಹನ್ನೊಂದಕ್ಕೂ ದಬದಬ ಹಾಕಿಕೊಟ್ಟಳು. ಆ ಸದ್ದು ಕೇಳಿ ಎಷ್ಟು ದಿನ ಆಗಿತ್ತೋ.

ಆಮೇಲೆ ಮೂರು ತಿಂಗಳು ಏನೂ ಇಲ್ಲ. ಮಧ್ಯೆ ಆರ್‌ಟಿಐ ಉತ್ತರ ಬಂತು, ಮೂವತ್ತನೇ ದಿನಕ್ಕೆ ಸರಿಯಾಗಿ. ನಾವು ಆಗಲೇ ನಿಂತು ಓದಿದ್ದ ಹಾಳೆಗಳೇ.

ಈ ನಡುವೆ ಒಂದು ದಿನ ತಂಗಿಯ ಮಗಳು ಫೋನ್ ಮಾಡಿದ್ದಳು. ಅವಳಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ನನ್ನ ಕತೆ ಕೇಳಿ, "ದೊಡ್ಡಮ್ಮ, ಇಲ್ಲಿ ಪ್ಲಾನಿಂಗ್ ಕಮಿಷನ್‌ದು ಕಾರ್ಡ್ ಮನೆಗೇ ಬರುತ್ತೆ" ಅಂದಳು. ಪ್ಲಾನಿಂಗ್ ಕಮಿಷನ್ ಅಂದ ಕೂಡಲೆ ನನಗೆ ದೆಹಲಿಯ ಯೋಜನಾ ಆಯೋಗ, ಪಂಚವಾರ್ಷಿಕ ಯೋಜನೆ ನೆನಪಾದವು. 2015ರಲ್ಲಿ ಅದರ ಜಾಗಕ್ಕೆ ನೀತಿ ಆಯೋಗ ಬಂತಲ್ಲ, ಅದಲ್ಲ. ಅಲ್ಲಿ ಒಂದೊಂದು ನಗರಕ್ಕೂ ಒಂದು ಕಮಿಷನ್ ಇರುತ್ತದಂತೆ, ಅದರಲ್ಲಿ ಕೂರುವವರು ಊರಿನ ಜನರೇ. ಇಂಥ ಜಾಗದಲ್ಲಿ ಇಂಥದ್ದು ಬರುತ್ತಿದೆ ಅಂತಾದರೆ, ಅದರ ಸುತ್ತ 300 ಅಡಿಯೊಳಗಿನ ಮನೆ ಮಾಲೀಕರಿಗೆಲ್ಲ ವಿಚಾರಣೆಗೆ ಹತ್ತು ದಿನ ಮೊದಲೇ ಅಂಚೆಯಲ್ಲಿ ತಿಳಿಸಬೇಕು ಅಂತ ಆ ರಾಜ್ಯದ ಕಾನೂನು. ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಹಾಕಬೇಕು. ಅವಳೂ ಒಂದು ಸಲ ಹೋಗಿ ಕೂತಿದ್ದಳಂತೆ. ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಕೆಲವು ನಿಮಿಷ ಮಾತಾಡಬಹುದು, ಟೈಮ್ ಮುಗಿದರೆ ನಿಲ್ಲಿಸಬೇಕು. "ಜಗಳ ಏನಕ್ಕೆ ಆಗುತ್ತೆ ಅಲ್ಲಿ?" ಅಂತ ಕೇಳಿದೆ. "ಪಾರ್ಕಿಂಗ್‌ಗೆ" ಅಂದಳು.

300 ಅಡಿ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ತೋಟದ ಗೇಟಿನಿಂದ 300 ಅಡಿ ಅಂದರೆ ನಮ್ಮ ಬೀದಿಯಲ್ಲಿ ಹದಿನೆಂಟು ಮನೆ. ಹದಿನೆಂಟು ಕಾರ್ಡು ಹಂಚುವುದಕ್ಕೆ ನಮ್ಮ ಪೋಸ್ಟ್‌ಮ್ಯಾನಿಗೆ ಹತ್ತು ನಿಮಿಷ ಸಾಕು. ನಮ್ಮ ಕಲಂ 14(ಎ) ಕೇಳುವುದು ಆ ಭಾಗದಲ್ಲಿ ಓದುವ ಒಂದು ದಿನಪತ್ರಿಕೆಯಲ್ಲಿ ಹಾಕಿ, 15 ದಿನಕ್ಕೆ ಕಮ್ಮಿ ಇಲ್ಲದ ಹಾಗೆ ಟೈಮ್ ಕೊಡಿ ಅಂತ. ಅಷ್ಟು ಅವರು ಮಾಡಿದ್ದರು. ಅದಕ್ಕೆ ತಪ್ಪು ಹೇಳುವ ಹಾಗಿಲ್ಲ. ನಾನು ಅವತ್ತು ಸೀಬೆಹಣ್ಣು ತಂದಿದ್ದರೆ ಪೇಪರ್ ಹಾಸುತ್ತಲೇ ಇರಲಿಲ್ಲ, ಅಷ್ಟೇ.

ಇದರಲ್ಲಿ ನನ್ನ ಪಾಲೂ ಇದೆ. ಮಹಾಯೋಜನೆಯ ಕರಡು ಹೊರಬಂದಾಗ ಜನ ನೋಡಿ ಅಭಿಪ್ರಾಯ ಹೇಳಲಿ ಅಂತ 60 ದಿನ ಕೊಡುತ್ತಾರೆ. ಹಿಂದಿನ ಸಲ ಆ ನಕ್ಷೆಯನ್ನು ಪ್ರಾಧಿಕಾರದ ಹಾಲಿನಲ್ಲಿ ಗೋಡೆಯುದ್ದಕ್ಕೆ ಅಂಟಿಸಿದ್ದರಂತೆ. ನಮ್ಮ ಅಂಚೆ ಕಚೇರಿಯಿಂದ ಅಲ್ಲಿಗೆ ನಾಲ್ಕು ಹೆಜ್ಜೆ. ಎರಡು ತಿಂಗಳು ಅದರ ಮುಂದೆಯೇ ಊಟದ ಡಬ್ಬಿ ಹಿಡಿದುಕೊಂಡು ಓಡಾಡಿದ್ದೇನೆ. ಒಳಗೆ ತಲೆ ಹಾಕಿಲ್ಲ.

ಏಪ್ರಿಲ್‌ನಲ್ಲಿ ಪತ್ರ ಬಂತು. ಆಕ್ಷೇಪಣೆ ಕೊಟ್ಟವರೆಲ್ಲ ಬೆಳಿಗ್ಗೆ 11ಕ್ಕೆ ಹಾಜರಾಗಬೇಕು. ಆ ಕಲಮಿನಲ್ಲಿ ಇರುವುದು ಆಕ್ಷೇಪಣೆ ಕರೆಯಬೇಕು ಅಂತ. ಎದುರಿಗೆ ಕೂರಿಸಿ ಕೇಳಬೇಕು ಅಂತ ಇಲ್ಲ. ಇವರು ಕರೆದರಲ್ಲ, ಅದೇ ಸಮಾಧಾನ. ಹನ್ನೊಂದರಲ್ಲಿ ಆರು ಜನ ಹೋದೆವು. ಹನ್ನೆರಡೂವರೆಗೆ ಮೀಟಿಂಗ್ ಇದೆ ಅಂದರು. ಒಂದೂವರೆಗೆ ಊಟ ಅಂದರು. ಎರಡಕ್ಕೆ ನಾವು ಮೂವರೇ ಉಳಿದಿದ್ದೆವು.

ಕಾಯುವ ಬೆಂಚಿನ ಇನ್ನೊಂದು ತುದಿಯಲ್ಲಿ ತೋಟದ ಮನೆಯವರು. ಮಗ, ಆರ್ಕಿಟೆಕ್ಟ್, ಜೊತೆಗೆ ಮಗನ ತಾಯಿ. ಎಂಬತ್ತರ ಹತ್ತಿರದ ಅಜ್ಜಿ, ಕೈಯಲ್ಲಿ ಎಲೆಅಡಿಕೆಯ ಸಂಚಿ. ಅವರು ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಮುಖ ತಪ್ಪಿಸೋಣ ಅಂದರೆ ಇರುವುದು ಒಂದೇ ಬೆಂಚು.

"ನಿಮ್ಮನೆ ಪಾಯ ತೋಡುವಾಗ ಎಳನೀರು ಕೊಟ್ಟಿದ್ದು ಮರ್ತೋಯ್ತಾ ಅವ್ವ?" ಅಂದರು.

ಮರೆತಿರಲಿಲ್ಲ. ಆ ಬೇಸಿಗೆಯಲ್ಲಿ ಕೂಲಿಯವರಿಗೂ ನಮಗೂ ದಿನಾ ಎಳನೀರು ಕಳಿಸುತ್ತಿದ್ದರು. ಬೋರ್‌ವೆಲ್ ಕೊರೆಸುವ ತನಕ ಅವರ ಪಂಪ್‌ಹೌಸಿನ ನೀರೇ ನಮ್ಮ ಗೋಡೆಗೆ ಹಾಕಿದ್ದು.

"ಮರ್ತಿಲ್ಲ ಅಜ್ಜಿ."

"ಮತ್ತೆ? ನಮ್ ಜಮೀನಲ್ಲಿ ನಾವು ಕಟ್ಟಬ್ಯಾಡ್ವಾ? ನೀವ್ ಕಟ್ಟಿಲ್ವಾ?"

ಮಗ "ಸುಮ್ನಿರವ್ವ" ಅಂದ. ಅಜ್ಜಿ ಸುಮ್ಮನಾದರು. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರಿ ಅರ್ಧ ಮಾಡಿ, ಒಂದು ಅರ್ಧ ನನ್ನ ಕಡೆ ಚಾಚಿದರು. ತಗೊಂಡೆ. ಬೇಡ ಅನ್ನುವುದು ಹೇಗೆ?

ಎರಡು ಮುಕ್ಕಾಲಿಗೆ ಒಳಗೆ ಕರೆದರು. ಉದ್ದ ಮೇಜು. ಅಧ್ಯಕ್ಷರು, ಆಯುಕ್ತರು, ನಗರ ಯೋಜಕ ಸದಸ್ಯರು, ಪಕ್ಕದಲ್ಲಿ ಒಬ್ಬರು ಬರೆದುಕೊಳ್ಳುವವರು. ತೀರ್ಮಾನ ಆಗುವುದು ಇಲ್ಲಲ್ಲ, ಆಮೇಲೆ ನಡೆಯುವ ಪ್ರಾಧಿಕಾರದ ಸಭೆಯಲ್ಲಿ. ಅಲ್ಲಿ ಶಾಸಕರೂ ಇರುತ್ತಾರೆ, ನಮ್ಮಂಥವರಿಗೆ ಜಾಗ ಇಲ್ಲ. ಸಭೆ ಒಪ್ಪಿದರೂ ಮುಗಿಯುವುದಿಲ್ಲ, ಸರ್ಕಾರದ ಒಪ್ಪಿಗೆಗೆ ಕಡತ ಬೆಂಗಳೂರಿಗೆ ಹೋಗಬೇಕು. ಇದನ್ನೆಲ್ಲ ಆಯುಕ್ತರೇ ಎರಡು ಮಾತಿನಲ್ಲಿ ಹೇಳಿದರು. ಚೆನ್ನಾಗಿಯೇ ಹೇಳಿದರು.

ಆರ್ಕಿಟೆಕ್ಟ್ ಹತ್ತು ನಿಮಿಷ ಮಾತಾಡಿದ. ಬೇಸ್‌ಮೆಂಟ್ ಪಾರ್ಕಿಂಗ್, ಶಬ್ದ ತಡೆಯುವ ಗೋಡೆ, ಕಸಕ್ಕೆ ಬೇರೆ ಕೋಣೆ. ಕೇಳಿದರೆ ನಮಗೇ ಒಂದು ಮದುವೆ ಮಾಡಿಬಿಡೋಣ ಅನ್ನಿಸಬೇಕು, ಹಾಗಿತ್ತು. ನಮ್ಮ ಸರದಿ ಬಂದಾಗ ಜೊತೆಗಿದ್ದವರು ಶಬ್ದದ ವಿಷಯ ಶುರು ಮಾಡಿದರು. ಅಧ್ಯಕ್ಷರು ಕೈ ಎತ್ತಿ, "ಎಲ್ಲಾ ಮಂಟಪದಲ್ಲೂ ಶಬ್ದ ಇರುತ್ತೆ ಸ್ವಾಮಿ" ಅಂದರು. ನನ್ನ ಮಗಳ ಮದುವೆಯ ವಾಲಗ ನನ್ನ ಕಿವಿಯಲ್ಲೂ ಕೇಳಿಸಿತು.

ನಾನು ಮೊದಲ ಅಂಶ ಮಾತ್ರ ಓದಿದೆ. ಆರು ಅಳತೆ. ತಿರುವಿನದನ್ನೂ ಓದಿದೆ. ನಗರ ಯೋಜಕ ಸದಸ್ಯರು ಕಡತದ ಹಾಳೆ ತಿರುಗಿಸಿದರು. ಬಡಾವಣೆಗೆ ಮಂಜೂರಾದ ಹಳೇ ನಕ್ಷೆ ಹುಡುಕಿ ಬಿಡಿಸಿದರು. ಮಡಿಕೆ ಮಡಿಕೆಯಾಗಿ ಹರಿಯುವ ಸ್ಥಿತಿಯಲ್ಲಿತ್ತು. ನಮ್ಮ ರಸ್ತೆಯ ಮೇಲೆ ಬೆರಳಿಟ್ಟು ಆಯುಕ್ತರ ಕಡೆ ಜಾರಿಸಿದರು. ಅಲ್ಲಿ 30 ಅಡಿ ಅಂತಲೇ ಇತ್ತು. 9 ಮೀಟರ್ 14 ಸೆಂಟಿಮೀಟರ್. ನಮ್ಮ ಬಟ್ಟೆ ಟೇಪಿಗೂ ಆ ನಕ್ಷೆಗೂ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಆಯುಕ್ತರು, "ಜಂಟಿ ಅಳತೆ ಮಾಡಿಸಿ" ಅಂದರು. ಎಲ್ಲಾ ಸೇರಿ ಇಪ್ಪತ್ತೆರಡು ನಿಮಿಷ.

ಜಂಟಿ ಅಳತೆಯ ದಿನ ಇಡೀ ಬೀದಿ ಹೊರಗಿತ್ತು. ಸರ್ವೆಯವರು ಸ್ಟೀಲ್ ಟೇಪು ತಂದಿದ್ದರು. ಹಿಡಿಯಲು ಇನ್ನೊಬ್ಬರು ಬೇಕಿತ್ತು, ಕೆಇಬಿ ಮಾವ ಮುಂದೆ ಹೋದರೆ ಅದು ಸರಿಹೋಗುವುದಿಲ್ಲ ಅಂದರು. ಕೊನೆಗೆ ತೋಟದ ಮನೆಯ ಮಗನೇ ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿಕೊಂಡು, ಚರಂಡಿ ದಾಟಿ ನಮ್ಮ ಕಾಂಪೌಂಡಿಗೆ ಟೇಪಿನ ತುದಿ ಒತ್ತಿ ಹಿಡಿದ. ಬಿಗಿಯಾಗಿ ಎಳೆದೇ ಹಿಡಿದ. ಬೇಕಿದ್ದರೆ ಸ್ವಲ್ಪ ಜೋಲು ಬಿಡಬಹುದಿತ್ತು, ಅಂಕಿ ಏರುತ್ತಿತ್ತು. ಅವನು ಬಿಡಲಿಲ್ಲ. ಸರ್ವೆಯವರು ಓದಿ ಹೇಳಿದರು: "ಒಂಬತ್ತು ಹನ್ನೆರಡು." ಅವನು ಮಹಜರಿಗೆ ಸಹಿ ಹಾಕಿ, ಯಾರ ಕಡೆಯೂ ನೋಡದೆ ಹೋದ.

ಪ್ರಾಧಿಕಾರದ ಸಭೆಯ ನಡವಳಿ ನನಗೆ ಸಿಕ್ಕಿದ್ದು ಜುಲೈನಲ್ಲಿ, ಇನ್ನೊಂದು ಹತ್ತು ರೂಪಾಯಿ ಪೋಸ್ಟಲ್ ಆರ್ಡರಿಗೆ. ಆ ದಿನ ಸಭೆಯ ಮುಂದೆ ಬಹಳ ವಿಷಯ ಇದ್ದವು. ನಮ್ಮದು ಎರಡು ಸಾಲು. ರಸ್ತೆಯ ಅಗಲ ವಲಯ ನಿಯಮಾವಳಿಗೆ ಅನುಗುಣವಾಗಿ ಇಲ್ಲದ ಕಾರಣ ಪ್ರಸ್ತಾವನೆ ತಿರಸ್ಕರಿಸಲು ತೀರ್ಮಾನಿಸಲಾಯಿತು. ಇತರೆ ಆಕ್ಷೇಪಣೆಗಳನ್ನು ಗಮನಿಸಲಾಯಿತು. ಪಾರ್ಕಿಂಗು, ಒಳಚರಂಡಿ, ಶಬ್ದ, ಮಕ್ಕಳ ಪರೀಕ್ಷೆ, ಎಲ್ಲವೂ ಆ 'ಗಮನಿಸಲಾಯಿತು' ಒಳಗೆ ಹೋಗಿ ಕೂತಿದ್ದವು.

ಬೀದಿಯಲ್ಲಿ ಯಾರೋ ಪೇಡ ಹಂಚಿದರು. ನಾನು ಒಂದು ತಗೊಂಡೆ, ತಿನ್ನಲಾಗಲಿಲ್ಲ. ಅಜ್ಜಿ ಆಮೇಲೆ ನಮ್ಮ ಬೀದಿ ಕಡೆ ಬರುವುದನ್ನೇ ಬಿಟ್ಟರು.

ದೀಪಾವಳಿ ಆದ ಮೇಲೆ ತೋಟದಲ್ಲಿ ಗರಗಸದ ಸದ್ದು. ತೆಂಗಿನ ಮರ ಒಂದೊಂದಾಗಿ ಉರುಳಿದವು. ನಾನು ಮತ್ತೆ ಪೇಪರ್ ಹುಡುಕಿದೆ, ತಿಂಗಳ ರದ್ದಿಯನ್ನೆಲ್ಲ ತಿರುವಿ ಹಾಕಿದೆ. ಯಾವ ಪ್ರಕಟಣೆಯೂ ಇರಲಿಲ್ಲ. ಕಚೇರಿಗೆ ಹೋಗಿ ಪೋಸ್ಟ್‌ಮ್ಯಾನ್ ಮಗನನ್ನು ಕೇಳಿದೆ. "ವಸತಿ ಕಟ್ಟಡಕ್ಕೆ ಪ್ಲಾನ್ ಮಂಜೂರಾಗಿದೆ ಮೇಡಮ್. ಹಳದಿ ಜಾಗದಲ್ಲಿ ಹಳದಿ ಕಟ್ಟಡ. ಬಣ್ಣ ಬದಲಾಗಲ್ಲ, ಪೇಪರಲ್ಲಿ ಹಾಕೋದೂ ಇಲ್ಲ" ಅಂದರು.

ಈಗ ಅಲ್ಲಿ ಹೆಣ್ಣುಮಕ್ಕಳ ಪಿಜಿ ಇದೆ. ಬೆಳಿಗ್ಗೆ ಎಂಟಕ್ಕೆ ನಲವತ್ತು ಸ್ಕೂಟಿ ಒಟ್ಟಿಗೆ ಹೊರಡುತ್ತವೆ, ರಾತ್ರಿ ನಮ್ಮ ಗೇಟಿನ ತನಕ ಸಾಲಾಗಿ ನಿಲ್ಲುತ್ತವೆ. ಹೂವಿನಾಕೆಗೆ ವ್ಯಾಪಾರ ಚೆನ್ನಾಗಿದೆ, ಆ ಹುಡುಗಿಯರು ಶುಕ್ರವಾರ ಮೊಳ ಮೊಳ ತಗೊಳ್ಳುತ್ತಾರೆ. ಮೊನ್ನೆ ನಾನು ಗೇಟಿಗೆ ಅಡ್ಡ ನಿಂತಿದ್ದ ಒಂದು ಸ್ಕೂಟಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದಾಗ ತೋಟದ ಮನೆಯ ಮಗ ಬೈಕಿನಲ್ಲಿ ಬಂದ. ನಿಲ್ಲಿಸಿ, ಇಳಿದು, ಇನ್ನೊಂದು ಕಡೆ ಹಿಡಿದು ಎತ್ತಿ ಸರಿಸಿಕೊಟ್ಟ.

"ಅಮ್ಮ ಹೇಗಿದ್ದಾರಪ್ಪ?" ಅಂತ ಕೇಳಿದೆ.

"ಇದ್ದಾರೆ. ಎಳನೀರಿಗೆ ಈಗ ಅಂಗಡಿಗೆ ಹೋಗ್ಬೇಕು ಅಂತಾರೆ" ಅಂದ.